ಗಿಂಪ್‌ನಲ್ಲಿ ಲೇಯರ್ ಸಾಗಿಸುವ ಕೆಲಸ: ಏಳು ವರ್ಷ ಬಳಸಿದವನ ಮಾತು

ನಾನು ಮದುವೆ, ಗೃಹಪ್ರವೇಶ, ನಾಮಕರಣದ ಆಮಂತ್ರಣ ಪತ್ರಿಕೆ ಮಾಡಿಕೊಡುತ್ತೇನೆ. ನವೆಂಬರ್ ಹತ್ತಿರ ಬಂದರೆ ರಾಜ್ಯೋತ್ಸವದ ಬ್ಯಾನರ್‌ಗಳೂ ಸೇರಿಕೊಳ್ಳುತ್ತವೆ. 2018ರಲ್ಲಿ ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ 2.10 ಆವೃತ್ತಿ ಬಂದಾಗ ಅದರಲ್ಲಿ ಕೆಲಸ ಶುರು ಮಾಡಿದೆ. 2025ರ ಮಾರ್ಚ್‌ನಲ್ಲಿ 3.0 ಬಂದ ಮೇಲೆ ಅದಕ್ಕೆ ಬಂದೆ.

ಈ ಕೆಲಸದಲ್ಲಿ ಹೊಸದಾಗಿ ಚಿತ್ರ ಬಿಡಿಸುವುದು ಕಡಿಮೆ. ಹಳೆಯ ಫೈಲಿನ ಗಣಪತಿ, ಬಾಳೆಕಂಬ, ತೋರಣ, ಅಂಚಿನ ಬಳ್ಳಿ ಎಲ್ಲವನ್ನೂ ಹೊಸ ಫೈಲಿಗೆ ತರುವುದೇ ಜಾಸ್ತಿ. ಇವೆಲ್ಲ ಫೈಲಿನಲ್ಲಿ ಒಂದರ ಮೇಲೊಂದು ಕೂತ ಬೇರೆ ಬೇರೆ ಪದರಗಳು, ಅಂದರೆ ಲೇಯರ್‌ಗಳು. ಒಂದು ದಿನಕ್ಕೆ ಇಪ್ಪತ್ತು ಸಲವಾದರೂ ಲೇಯರ್ ಅಲ್ಲಿಂದ ಇಲ್ಲಿಗೆ ಹೋಗುತ್ತದೆ. ಅದಕ್ಕೇ ಈ ಒಂದೇ ವಿಷಯದ ಬಗ್ಗೆ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರಂತೆ ಕಂಟ್ರೋಲ್ ಸಿ, ಕಂಟ್ರೋಲ್ ವಿ ಒತ್ತುತ್ತಿದ್ದೆ. 2.10ರಲ್ಲಿ ಹೀಗೆ ಅಂಟಿಸಿದ್ದು ನೇರವಾಗಿ ಲೇಯರ್ ಆಗುವುದಿಲ್ಲ. ಫ್ಲೋಟಿಂಗ್ ಸೆಲೆಕ್ಷನ್ ಆಗಿ ತೇಲುತ್ತಾ ನಿಲ್ಲುತ್ತದೆ. ಅದನ್ನು ಕೆಳಗಿನ ಲೇಯರ್‌ಗೆ ಕೂಡಿಸಬೇಕು, ಇಲ್ಲವೇ ಹೊಸ ಲೇಯರ್ ಮಾಡಬೇಕು. ಅಷ್ಟಾದರೆ ಸಹಿಸಬಹುದಿತ್ತು. ಕಷ್ಟ ಇರುವುದು ಅಕ್ಷರಗಳಲ್ಲಿ. ಹೀಗೆ ಅಂಟಿಸಿದ ಪಠ್ಯ ಬರೀ ಚಿತ್ರವಾಗಿಬಿಡುತ್ತದೆ. ಒಂದು ಮದುವೆ ಪತ್ರಿಕೆಯಲ್ಲಿ ಆರು ಸಾಲು ಹೀಗೆ ತಂದು ಕೂರಿಸಿದ್ದೆ. ರಾತ್ರಿ ಹುಡುಗಿಯ ಮನೆಯಿಂದ ಫೋನ್ ಬಂತು, ಮುಹೂರ್ತ 10.45 ಅಲ್ಲ, 10.25 ಅಂತ. ಒಂದು ಅಂಕಿ ತಿದ್ದಲಿಕ್ಕೆ ಆ ಸಾಲನ್ನೇ ಅಳಿಸಿ ಹೊಸದಾಗಿ ಟೈಪ್ ಮಾಡಿದೆ. ಅಕ್ಷರಗಳ ನಡುವಿನ ಅಂತರ, ಬಣ್ಣ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಯಿತು. ಬೆಳಗ್ಗೆ ಪತ್ರಿಕೆ ಅಚ್ಚಿಗೆ ಹೋಗಬೇಕಿತ್ತು.

ಅವತ್ತಿನಿಂದ ಎಳೆದು ತರುವುದನ್ನು ರೂಢಿ ಮಾಡಿಕೊಂಡೆ. ಲೇಯರ್ ಪಟ್ಟಿಯಲ್ಲಿ ಬೇಕಾದ ಲೇಯರ್ ಹಿಡಿಯಿರಿ. ಮೌಸ್ ಬಿಡದೆ ಇನ್ನೊಂದು ಫೈಲಿನ ಟ್ಯಾಬ್ ಮೇಲೆ ಒಂದು ಕ್ಷಣ ನಿಲ್ಲಿಸಿ. ಆ ಫೈಲು ತೆರೆದುಕೊಳ್ಳುತ್ತದೆ. ಆಮೇಲೆ ಚಿತ್ರದ ಮೇಲೆ ಬಿಡಿ, ಅಷ್ಟೇ. ಹೀಗೆ ಬಂದ ಪಠ್ಯ ಪಠ್ಯವಾಗಿಯೇ ಇರುತ್ತದೆ, ಲೇಯರ್‌ನ ಕೆಲವು ಭಾಗ ಮರೆಮಾಡುವ ಮಾಸ್ಕ್ ಕೂಡ ಜೊತೆಗೇ ಬರುತ್ತದೆ. ಗ್ರೂಪ್ ಹಿಡಿದು ಎಳೆದರೆ ಒಳಗಿನ ಲೇಯರ್‌ಗಳೆಲ್ಲ ಬರುತ್ತವೆ. ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಬಾಲೂ ತಮ್ಮ, ನೋಟೋ ಸೆರಿಫ್ ಕನ್ನಡ ಎರಡೂ ಫಾಂಟ್‌ಗಳಲ್ಲಿ ನನಗೆ ತೊಂದರೆ ಆಗಿಲ್ಲ. ಹಾಗಾಗಿ ಸಾಲು ಎಳೆದು ತಂದು, ಹೆಸರು ಬದಲಿಸಿದರೆ ಕೆಲಸ ಮುಗಿಯಿತು. ಆದರೆ ತಂದ ಪಠ್ಯವನ್ನು ಸ್ಕೇಲ್ ಟೂಲ್‌ನಿಂದ ಹಿಗ್ಗಿಸಬೇಡಿ. ಫಾಂಟ್ ಸೈಜ್ ಬದಲಿಸಿ. ಸ್ಕೇಲ್ ಮಾಡಿದ ಪಠ್ಯವನ್ನು ಮತ್ತೆ ತಿದ್ದಲು ಹೋದರೆ ಹಿಗ್ಗಿಸಿದ್ದು ಹೋಗಿಬಿಡುತ್ತದೆ.

ಗಾತ್ರದ ವಿಷಯ ಹೊಸಬರನ್ನು ತುಂಬಾ ಕಾಡುತ್ತದೆ. ಲೇಯರ್ ತನ್ನ ಪಿಕ್ಸೆಲ್‌ಗಳನ್ನು ಮಾತ್ರ ಹೊತ್ತು ತರುತ್ತದೆ, ಇಂಚಿನ ಲೆಕ್ಕ ಅದಕ್ಕೆ ಗೊತ್ತಿಲ್ಲ. ವಾಟ್ಸಾಪ್ ಸ್ಟೇಟಸ್‌ಗೆ ಅಂತ 1080 × 1920ರಲ್ಲಿ ಮಾಡಿದ ತೋರಣವನ್ನು 300 ಡಿಪಿಐನ (ಇಂಚಿಗೆ 300 ಚುಕ್ಕೆ) ಎ4 ಹಾಳೆಗೆ ತನ್ನಿ. ಆ ಹಾಳೆ 2480 × 3508. ಫೋನ್ ತುಂಬಾ ಇದ್ದ ತೋರಣ ಅಲ್ಲಿ ಅರ್ಧ ಅಗಲವನ್ನೂ ತುಂಬುವುದಿಲ್ಲ. ಎಳೆದು ಹಿಗ್ಗಿಸಿದರೆ ಅಚ್ಚಿನಲ್ಲಿ ಮಸುಕಾಗುತ್ತದೆ. ಅದಕ್ಕೇ ನನ್ನ ಬಾಳೆಕಂಬ, ಕಳಸ, ಗಣಪತಿ ಎಲ್ಲ ಈಗ ಒಂದು ದೊಡ್ಡ ಎ3 ಫೈಲಿನಲ್ಲಿವೆ. ಅಲ್ಲಿಂದ ತಂದು ಸಣ್ಣದು ಮಾಡುತ್ತೇನೆ.

ಇನ್ನೊಂದು ಸಣ್ಣ ಎಚ್ಚರಿಕೆ. ಜಿಫ್ ಫೈಲುಗಳು ಇಂಡೆಕ್ಸ್ಡ್ ಮೋಡ್‌ನಲ್ಲಿ, ಅಂದರೆ ಕೆಲವೇ ಬಣ್ಣಗಳ ಪಟ್ಟಿಯೊಂದಿಗೆ ತೆರೆಯುತ್ತವೆ. ಅದಕ್ಕೆ ಬೇರೆ ಲೇಯರ್ ತಂದರೆ ಬಣ್ಣ ಕೆಡುತ್ತದೆ. ಮೊದಲು ಎಲ್ಲ ಬಣ್ಣ ಹಿಡಿಯುವ ಆರ್‌ಜಿಬಿ ಮೋಡ್‌ಗೆ ಬದಲಿಸಿಕೊಳ್ಳಿ.

3.0ಕ್ಕೆ ಬಂದಿದ್ದು ನನಗೆ ನಿಜವಾಗಲೂ ಖುಷಿ ಕೊಟ್ಟಿದೆ. ಅಂಟಿಸಿದ್ದು ಈಗ ನೇರವಾಗಿ ಹೊಸ ಲೇಯರ್ ಆಗುತ್ತದೆ. ಅದಕ್ಕಿಂತ ದೊಡ್ಡದು, ಒಟ್ಟಿಗೆ ಹಲವು ಲೇಯರ್ ಆರಿಸಬಹುದು. ಮೊದಲು ನಾಲ್ಕು ಮೂಲೆಯ ಬಳ್ಳಿಗಳನ್ನು ಒಂದೊಂದಾಗಿ ಸಾಗಿಸುತ್ತಿದ್ದೆ, ಇಲ್ಲವೇ ಮೊದಲೇ ಗ್ರೂಪ್ ಮಾಡಿಕೊಳ್ಳುತ್ತಿದ್ದೆ. ಈಗ ಶಿಫ್ಟ್ ಒತ್ತಿ ನಾಲ್ಕನ್ನೂ ಆರಿಸಿ ಒಂದೇ ಸಲ ಎಳೆಯುತ್ತೇನೆ. ಇದು ಇಷ್ಟು ವರ್ಷ ತಡವಾಗಬಾರದಿತ್ತು.

ಒಂದು ಕೊರತೆ ಮಾತ್ರ ಹಾಗೇ ಉಳಿದಿದೆ. ಎಳೆದು ಬಿಟ್ಟ ಲೇಯರ್, ಪರದೆಯಲ್ಲಿ ಕಾಣುವ ಭಾಗದ ನಡುವೆ ಬಂದು ಕೂರುತ್ತದೆ, ಮೊದಲಿದ್ದ ಜಾಗದಲ್ಲಿ ಅಲ್ಲ. ಫೋಟೋಶಾಪ್‌ನಲ್ಲಿ ಎರಡೂ ಫೈಲು ಒಂದೇ ಅಳತೆಯದಾದರೆ ಶಿಫ್ಟ್ ಒತ್ತಿ ಎಳೆದರೆ ಸಾಕು, ಅದೇ ಜಾಗಕ್ಕೆ ಹೋಗುತ್ತದೆ. ಡೂಪ್ಲಿಕೇಟ್ ಲೇಯರ್ ಕೊಟ್ಟರೆ ಯಾವ ಫೈಲಿಗೆ ಅಂತ ಹೆಸರು ಹಿಡಿದು ಕೇಳುತ್ತದೆ. ಹತ್ತು ಟ್ಯಾಬ್ ತೆರೆದಿರುವಾಗ ಅದು ಎಷ್ಟು ಅನುಕೂಲ ಅಲ್ವಾ! ಗಿಂಪ್‌ನಲ್ಲಿ ಚಿತ್ರಗಳಿಗಾದರೆ ಕಂಟ್ರೋಲ್ ಆಲ್ಟ್ ವಿ ಒತ್ತಿ ಅದೇ ಜಾಗಕ್ಕೆ ಅಂಟಿಸುತ್ತೇನೆ. ಪಠ್ಯ ಬಂದರೆ ಎಳೆದು ತಂದು, ಅಲೈನ್ ಟೂಲ್‌ನಿಂದ ಹೊಂದಿಸುತ್ತೇನೆ.

ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಎಂದು ನಾನು ಇದನ್ನು ಹಿಡಿದುಕೊಂಡಿಲ್ಲ. ಕನ್ನಡದ ಸಾಲನ್ನು ತಿದ್ದಲು ಬರುವಂತೆಯೇ ಒಯ್ಯುತ್ತದೆ, ನನಗೆ ಅದು ಮುಖ್ಯ. ಈಗ 3.0ಕ್ಕೆ ಬರುವವರು ಹಳೆಯ ಫೈಲುಗಳ ಒಂದು ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿಡಿ. ಹೊಸ ಸೌಲಭ್ಯ ಬಳಸಿ ಸೇವ್ ಮಾಡಿದ ಫೈಲು 2.10ರಲ್ಲಿ ತೆರೆಯುವುದಿಲ್ಲ. ನಿಮ್ಮ ಜೊತೆ ಕೆಲಸ ಮಾಡುವವರು ಇನ್ನೂ ಹಳೆಯದರಲ್ಲೇ ಇರಬಹುದು.