ಎಕ್ಸ್‌ಪಿಯ ‘ಹೆಲ್ಪ್ ಅಂಡ್ ಸಪೋರ್ಟ್’: ಡಿಟಿಪಿ ಅಂಗಡಿಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ನಮ್ಮ ಅಂಗಡಿಯ ಒಂದು ಯಂತ್ರದಲ್ಲಿ ಅದು ಇವತ್ತಿಗೂ ಓಡುತ್ತಿದೆ. ಕಾರಣ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ಹಳೆಯ ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ ಎಲ್ಲವೂ ಆ ಫಾಂಟುಗಳಲ್ಲೇ ಇವೆ. ಯುನಿಕೋಡ್‌ಗೆ ಬದಲಾಯಿಸಿದರೆ ಅಲ್ಲಲ್ಲಿ ಒತ್ತಕ್ಷರ ಕೆಡುತ್ತದೆ, ಪ್ರೂಫ್ ಮೊದಲಿಂದ ನೋಡಬೇಕಾಗುತ್ತದೆ. ಸುರಕ್ಷತೆಗಾಗಿ ಆ ಯಂತ್ರಕ್ಕೆ ನೆಟ್ ಕೊಟ್ಟಿಲ್ಲ. ಹಾಗಾಗಿ ಏನೇ ತೊಂದರೆಯಾದರೂ ಅಲ್ಲಿ ಮೊದಲು ಒತ್ತುವುದು ಎಫ್1 ಕೀಲಿಯನ್ನೇ. ಒತ್ತಿದರೆ ವಿಂಡೋಸ್ ಜೊತೆಗೇ ಬರುವ ‘ಹೆಲ್ಪ್ ಅಂಡ್ ಸಪೋರ್ಟ್’ ಎಂಬ ನೆರವಿನ ಕಿಟಕಿ ತೆರೆಯುತ್ತದೆ.

ಈ ನೆರವಿನ ಭಾಗ ನಿಜಕ್ಕೂ ಚೆನ್ನಾಗಿದೆ. ಪ್ರಿಂಟರ್ ಮುಷ್ಕರ ಹೂಡಿದರೆ ಅದರ ಟ್ರಬಲ್‌ಶೂಟರ್ ಒಂದೊಂದೇ ಪ್ರಶ್ನೆ ಕೇಳಿಕೊಂಡು ಹೋಗುತ್ತದೆ. ಉತ್ತರ ಕೊಟ್ಟಂತೆ ಮುಂದಿನ ಹೆಜ್ಜೆ ಹೇಳುತ್ತದೆ. ಪುಟದೊಳಗಿನ ಕೊಂಡಿ ಒತ್ತಿದರೆ ಬೇಕಾದ ಸೆಟ್ಟಿಂಗ್ ಕಿಟಕಿಯೇ ತೆರೆದುಕೊಳ್ಳುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಯಾರನ್ನೂ ಕೇಳದೆ ಎಷ್ಟೋ ಕಲಿತದ್ದು ಅದರಿಂದಲೇ. ಹುಡುಕಾಟ ನಿಧಾನ, ನಮ್ಮ ಪ್ರತಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದೆ, ನೆಟ್ ಬೇಡುವ ಕೆಲವು ಪುಟಗಳು ನಮಗೆ ದಕ್ಕುವುದಿಲ್ಲ. ಕೊರತೆ ಎಂದರೆ ಇಷ್ಟೇ.

ಹಾಗಿದ್ದ ಎಫ್1 ಒಮ್ಮೆ ಪೂರ್ತಿ ಕೈಕೊಟ್ಟಿತು. ಕಿಟಕಿ ತೆರೆಯುವುದು, ಬಿಳಿಯಾಗಿ ನಿಲ್ಲುವುದು, ‘ತೊಂದರೆಯಾಗಿದೆ, ಮುಚ್ಚಬೇಕಾಗಿದೆ’ ಎಂಬ ಸಂದೇಶ ತೋರಿಸಿ ಮಾಯವಾಗುವುದು. ಇದಕ್ಕೇಕೆ ತಲೆಕೆಡಿಸಿಕೊಳ್ಳುತ್ತೀರಿ, ವಿಂಡೋಸ್ ಮತ್ತೆ ಹಾಕಿಸಿ ಎಂದವರೇ ಹೆಚ್ಚು. ಹಳೆಯ ಪ್ರಿಂಟರಿನ ಡ್ರೈವರ್, ಫಾಂಟು, ಕೀಬೋರ್ಡ್ ಹೊಂದಾಣಿಕೆ ಎಲ್ಲವನ್ನೂ ಮತ್ತೆ ಕೂಡಿಸುವ ಪಾಡು ಬಲ್ಲವರು ಆ ಮಾತು ಆಡುವುದಿಲ್ಲ.

ಮೊದಲು ಕೆಲಸದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಓಡಿಸಿದೆ. ಹಳೆಯ ಹಾರ್ಡ್‌ಡಿಸ್ಕ್ ಸಾಯುತ್ತಿದ್ದರೆ ಉಳಿದ ಯಾವ ರಿಪೇರಿಗೂ ಅರ್ಥವಿಲ್ಲ. ಡಿಸ್ಕ್ ಸರಿಯಿತ್ತು. ಆಮೇಲೆ ಹೊಸ ಬಳಕೆದಾರರ ಖಾತೆ ತೆರೆದು ಅಲ್ಲಿ ಎಫ್1 ಒತ್ತಿ ನೋಡಿದೆ. ಅಲ್ಲಿ ಸರಿಯಾಗಿ ತೆರೆದಿದ್ದರೆ ದೋಷ ಹಳೆಯ ಖಾತೆಯದ್ದು ಎನ್ನಬಹುದಿತ್ತು, ಆದರೆ ಅಲ್ಲೂ ಮುಚ್ಚಿಕೊಂಡಿತು. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ, ನೆರವಿನ ಕಿಟಕಿಯನ್ನು ನಡೆಸುವ ‘ಹೆಲ್ಪ್‌ಸಿಟಿಆರ್.ಇಎಕ್ಸ್‌ಇ’ ಬಿದ್ದುಹೋದ ದಾಖಲೆಗಳು ಸಾಲಾಗಿ ಇದ್ದವು. ಆ ಸಾಲು ಶುರುವಾದದ್ದು, ರಿಪೇರಿಗೆ ಬಂದವರೊಬ್ಬರು ಯಂತ್ರ ಚುರುಕಾಗಲಿ ಎಂದು ‘ರಿಜಿಸ್ಟ್ರಿ ಕ್ಲೀನರ್’ (ವಿಂಡೋಸ್‌ನ ಸೆಟ್ಟಿಂಗ್ ದಾಖಲೆಯಿಂದ ಬೇಡದ್ದೆಂದು ಕಂಡದ್ದನ್ನು ಅಳಿಸುವ) ತಂತ್ರಾಂಶವೊಂದನ್ನು ಹಾಕಿ ಹೋದ ದಿನದಿಂದ.

ಇಲ್ಲಿ ಈ ಭಾಗದ ಒಳರಚನೆ ತಿಳಿದಿರಬೇಕು. ಎಕ್ಸ್‌ಪಿಯ ನೆರವು ತನ್ನ ಪುಟಗಳನ್ನು ತಾನೇ ಬಿಡಿಸುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಯಂತ್ರಾಂಗವನ್ನೂ ಜಾವಾಸ್ಕ್ರಿಪ್ಟ್, ವಿಬಿಸ್ಕ್ರಿಪ್ಟ್ ಫೈಲುಗಳನ್ನೂ ಬಳಸಿಕೊಂಡು ಬಿಡಿಸುತ್ತದೆ. ಹಿನ್ನೆಲೆಯಲ್ಲಿ ‘ಹೆಲ್ಪ್ ಅಂಡ್ ಸಪೋರ್ಟ್’ ಎಂಬ ಸರ್ವೀಸ್ ಕೂಡ ನಡೆಯುತ್ತಿರಬೇಕು. ನೆಟ್ ಇಲ್ಲದ ಯಂತ್ರದಲ್ಲೂ ಬ್ರೌಸರಿನ ಒಂದು ತುಂಡು ಕೆಟ್ಟರೆ ನೆರವಿನ ಕಿಟಕಿ ಬೀಳುವುದು ಇದಕ್ಕೇ.

ಸರ್ವೀಸಸ್ ಪಟ್ಟಿಯಲ್ಲಿ ನೋಡಿದರೆ ಆ ಸರ್ವೀಸ್ ‘ಡಿಸೇಬಲ್ಡ್’ ಆಗಿತ್ತು. ‘ಆಟೊಮ್ಯಾಟಿಕ್’ ಮಾಡಿ ಚಾಲೂ ಮಾಡಿದೆ. ಕಿಟಕಿ ಬೀಳುವುದು ನಿಂತಿತು, ಪುಟ ಮಾತ್ರ ಖಾಲಿಯಾಗಿಯೇ ಉಳಿಯಿತು. ರನ್ ಪೆಟ್ಟಿಗೆಯಲ್ಲಿ ರೆಜ್‌ಎಸ್‌ವಿಆರ್32 ಆದೇಶ ಕೊಟ್ಟು ಜೆಸ್ಕ್ರಿಪ್ಟ್.ಡಿಎಲ್ಎಲ್, ವಿಬಿಸ್ಕ್ರಿಪ್ಟ್.ಡಿಎಲ್ಎಲ್ ಎಂಬ ಆ ಸ್ಕ್ರಿಪ್ಟ್ ಫೈಲುಗಳೆರಡನ್ನೂ ವಿಂಡೋಸ್‌ನಲ್ಲಿ ಮರುನೋಂದಣಿ ಮಾಡಿದ ಮೇಲೆ ಮುಖಪುಟ ಬಂತು. ಕೆಲವು ವಿಷಯಗಳು ಇನ್ನೂ ತೆರೆಯುತ್ತಿರಲಿಲ್ಲ. ಕಡೆಗೆ ವಿಂಡೋಸ್ ಫೋಲ್ಡರಿನ ‘ಐಎನ್ಎಫ್’ ಒಳಗಿರುವ ಪಿಸಿಹೆಲ್ತ್.ಐಎನ್ಎಫ್ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಕೊಟ್ಟಾಗ ಇಡೀ ನೆರವಿನ ಭಾಗ ಹೊಸದಾಗಿ ಕೂತಿತು. ಕ್ಲೀನರ್ ತೆಗೆದುಹಾಕಿದೆ. ಅಂಥ ತಂತ್ರಾಂಶವನ್ನು ಹಳೆಯ ಯಂತ್ರಕ್ಕೆ ಯಾರೂ ಹಾಕಿಸಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಿಮ್ಮಲ್ಲಿ ಎಫ್1 ಸರಿಯಿದ್ದು ಯಾವುದೋ ತಂತ್ರಾಂಶದ ಸಿಎಚ್ಎಂ (ಆಯಾ ತಂತ್ರಾಂಶದ ಜೊತೆ ಬರುವ ನೆರವಿನ ಫೈಲು) ನೆರವಷ್ಟೇ ಬೀಳುತ್ತಿದ್ದರೆ ದಾರಿ ಬೇರೆ. ‘ಅಪ್ಲಿಕೇಶನ್ ಡೇಟಾ’ದೊಳಗೆ ಮೈಕ್ರೋಸಾಫ್ಟ್, ಅದರೊಳಗೆ ‘ಎಚ್‌ಟಿಎಂಎಲ್ ಹೆಲ್ಪ್’ ಫೋಲ್ಡರಿನಲ್ಲಿ ಎಚ್‌ಎಚ್.ಡ್ಯಾಟ್ ಎಂಬ ಫೈಲಿರುತ್ತದೆ. ಅದರ ಹೆಸರು ಬದಲಿಸಿ ನೋಡಿ, ವಿಂಡೋಸ್ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ. ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಯಂತ್ರದ ಸಿಎಚ್ಎಂ ಪುಟ ತೋರಿಸದಿದ್ದರೆ ಅದು 2005ರ ಸುರಕ್ಷತಾ ಅಪ್‌ಡೇಟ್ ಹೇರಿದ ನಿರ್ಬಂಧ. ಫೈಲನ್ನು ಸ್ವಂತ ಡಿಸ್ಕಿಗೆ ನಕಲು ಮಾಡಿಕೊಂಡರೆ ಸಾಕು. ನೆರವಿನ ಪುಟಗಳನ್ನು ತೆರೆಯುವ, ‘ಎಚ್‌ಸಿಪಿ’ ಎಂದು ಶುರುವಾಗುವ ಕೊಂಡಿಗಳಷ್ಟೇ ಸತ್ತಿದ್ದರೆ 2010 ನೆನಪಿಸಿಕೊಳ್ಳಿ. ಆ ಜೂನ್‌ನಲ್ಲಿ ಈ ನೆರವಿನ ಭಾಗದಲ್ಲೇ ಗಂಭೀರ ಭದ್ರತಾ ದೋಷ ಬಯಲಾಗಿ, ತಾತ್ಕಾಲಿಕವಾಗಿ ಎಚ್‌ಸಿಪಿ ಕೊಂಡಿಗಳ ನೋಂದಣಿಯನ್ನೇ ತೆಗೆಯಲು ಮೈಕ್ರೋಸಾಫ್ಟ್ ಸಲಹೆ ಕೊಟ್ಟಿತ್ತು. ಜುಲೈಯಲ್ಲಿ ಪ್ಯಾಚ್ ಬಂತು. ತೆಗೆದದ್ದನ್ನು ಯಾರೂ ವಾಪಸ್ ಹಾಕದ ಯಂತ್ರವಾದರೆ ಕೊಂಡಿ ಕೆಲಸ ಮಾಡುವುದಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು, ಬ್ರೌಸರಿನ ಮೇಲೆ ಇಷ್ಟು ಆತುಕೊಂಡು ಕೂತಿರುವುದಕ್ಕೆ. ರಿಪೇರಿಗೆ ಕೂರುವ ಮೊದಲು ಎಕ್ಸ್‌ಪಿ ಸಿಡಿ ಹುಡುಕಿಟ್ಟುಕೊಳ್ಳಿ, ಪಿಸಿಹೆಲ್ತ್ ನಡುವೆ ಫೈಲು ಕೇಳುತ್ತದೆ. ಸರ್ವೀಸ್ ಪ್ಯಾಕ್ 3 (ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್) ಅನ್ನು ಆಮೇಲೆ ಹಾಕಿಸಿದ ಯಂತ್ರವಾದರೆ ಹಳೆಯ ಸಿಡಿಗಿಂತ ಮೊದಲು ವಿಂಡೋಸ್ ಫೋಲ್ಡರಿನ ‘ಸರ್ವೀಸ್‌ಪ್ಯಾಕ್‌ಫೈಲ್ಸ್’ ಒಳಗಿನ ಐ386 ಫೋಲ್ಡರನ್ನು ತೋರಿಸಿ.