ವಿಶ್ವವಿದ್ಯಾನಿಲಯದ ಸಿಬ್ಬಂದಿ ಕಾರ್ಯಾಗಾರಗಳು: ಪರೀಕ್ಷಾ ವಿಭಾಗದಲ್ಲಿ ಕುಳಿತು ಎಂಟು ವರ್ಷ ಕಂಡದ್ದು

ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯವೊಂದರ ಪರೀಕ್ಷಾ ವಿಭಾಗದಲ್ಲಿ ನಾನು ಅಧೀಕ್ಷಕ ಹುದ್ದೆಯಲ್ಲಿದ್ದೇನೆ. 2017ರಿಂದ 2025ರವರೆಗೆ ನಮ್ಮ ಸಿಬ್ಬಂದಿ ತರಬೇತಿ ಕೋಶ ಏರ್ಪಡಿಸಿದ ಹದಿನಾಲ್ಕು ಕಾರ್ಯಾಗಾರಗಳಲ್ಲಿ ಭಾಗವಹಿಸಿದ್ದೇನೆ. ಅವುಗಳಲ್ಲಿ ಒಂಬತ್ತು ಕಚೇರಿ ಕೆಲಸದ ಕೌಶಲಕ್ಕೆ ಸಂಬಂಧಿಸಿದವು, ಉಳಿದ ಐದು ಆರೋಗ್ಯ ಮತ್ತು ಮನಸ್ಸಿನ ನೆಮ್ಮದಿಗೆ ಸಂಬಂಧಿಸಿದವು. ಇವಕ್ಕೆ ಶುಲ್ಕವಿಲ್ಲ, ಆ ದಿನದ ಹಾಜರಾತಿಯನ್ನು ಅನ್ಯಕಾರ್ಯ ನಿಮಿತ್ತ ಎಂದು ಪರಿಗಣಿಸುತ್ತಾರೆ, ಸಂಜೆ ಪ್ರಮಾಣಪತ್ರ ಕೊಡುವ ಮುನ್ನ ಒಂದು ಅಭಿಪ್ರಾಯ ನಮೂನೆಯನ್ನು ತುಂಬಿಸಿಕೊಳ್ಳುತ್ತಾರೆ. ಆ ನಮೂನೆಯಲ್ಲಿ ಸಭಾಂಗಣ, ಊಟ, ಸಂಪನ್ಮೂಲ ವ್ಯಕ್ತಿಯ ಮಾತುಗಾರಿಕೆ ಹೇಗಿದ್ದವು ಎಂಬುದನ್ನು ಬರೆಯಬಹುದು. ಕಲಿತದ್ದು ಆರು ತಿಂಗಳ ನಂತರ ಮೇಜಿನ ಮೇಲೆ ಉಳಿದಿದೆಯೇ ಎಂಬುದನ್ನು ಅದೇ ಸಂಜೆ ಬರೆಯಲು ಬರುವುದಿಲ್ಲ. ಅದನ್ನು ಬರೆಯುವುದಕ್ಕಾಗಿಯೇ ಇಷ್ಟು ತಡವಾಗಿ ಈ ವಿಮರ್ಶೆಗೆ ಕುಳಿತಿದ್ದೇನೆ.

ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು 2018ರಲ್ಲಿ ನಡೆದ ಮಾಹಿತಿ ಹಕ್ಕು ಅಧಿನಿಯಮದ ಎರಡು ದಿನಗಳ ಕಾರ್ಯಾಗಾರ. ನಿವೃತ್ತ ಅಧಿಕಾರಿಯೊಬ್ಬರು ಅದನ್ನು ನಡೆಸಿಕೊಟ್ಟರು. ಅವರು ಬರುವ ಹದಿನೈದು ದಿನ ಮೊದಲೇ ಪತ್ರ ಬರೆದು, ನಮ್ಮ ವಿಭಾಗಕ್ಕೆ ಬಂದಿದ್ದ ಅರ್ಜಿಗಳ ಮತ್ತು ನಾವು ಕೊಟ್ಟ ಉತ್ತರಗಳ ಪ್ರತಿಗಳನ್ನು ಹೆಸರು ಮರೆಮಾಡಿ ಕಳುಹಿಸುವಂತೆ ಕೇಳಿದ್ದರು. ಹೀಗಾಗಿ ಎರಡೂ ದಿನ ನಾವು ಓದಿದ್ದು ನಮ್ಮದೇ ಕಡತಗಳನ್ನು. ತನ್ನ ಉತ್ತರಪತ್ರಿಕೆಯನ್ನು ನೋಡಬೇಕೆಂದು ಕೇಳಿದ ವಿದ್ಯಾರ್ಥಿಗೆ ನಮ್ಮ ವಿಭಾಗ ಹಲವು ವರ್ಷಗಳಿಂದ ‘ನಿಯಮಗಳಲ್ಲಿ ಅವಕಾಶವಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಕಳುಹಿಸುತ್ತಿತ್ತು. ಮೌಲ್ಯಮಾಪನವಾದ ಉತ್ತರಪತ್ರಿಕೆಯೂ ಅಧಿನಿಯಮದ ಅರ್ಥದಲ್ಲಿ ಮಾಹಿತಿಯೇ, ಅದನ್ನು ನೋಡುವ ಮತ್ತು ಪ್ರತಿ ಪಡೆಯುವ ಹಕ್ಕು ಪರೀಕ್ಷಾರ್ಥಿಗೆ ಇದೆ, ಆದರೆ ಮೌಲ್ಯಮಾಪಕರ ಹೆಸರು ಮತ್ತು ಸಹಿಯನ್ನು ಮರೆಮಾಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ತೀರ್ಪು ನೀಡಿದೆ ಎಂಬುದು ಕೋಣೆಯಲ್ಲಿದ್ದ ಮೂವತ್ತು ಜನರಲ್ಲಿ ಮೂವರಿಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಉತ್ತರಕ್ಕೆ 30 ದಿನಗಳ ಮಿತಿ ಇರುವುದನ್ನು ಎಲ್ಲರೂ ಬಲ್ಲೆವು. ಬೇರೆ ಪ್ರಾಧಿಕಾರಕ್ಕೆ ಸೇರಿದ ಅರ್ಜಿಯನ್ನು 5 ದಿನಗಳೊಳಗೆ ವರ್ಗಾಯಿಸಬೇಕೆಂಬುದನ್ನು ಮಾತ್ರ ಮರೆತಿದ್ದೆವು. ಅಂಥ ಅರ್ಜಿಗಳು ಕಪಾಟಿನಲ್ಲಿ ತಿಂಗಳುಗಟ್ಟಲೆ ಉಳಿದಿದ್ದವು.

ಇದಿಷ್ಟೇ ಆಗಿದ್ದರೆ ಅದೂ ಒಂದು ಒಳ್ಳೆಯ ಉಪನ್ಯಾಸವಾಗಿ ಮುಗಿಯುತ್ತಿತ್ತು. ಆರು ವಾರಗಳ ನಂತರ ಅವರು ಅರ್ಧ ದಿನದ ಮಟ್ಟಿಗೆ ಮತ್ತೆ ಬಂದರು ಮತ್ತು ಅಷ್ಟರಲ್ಲಿ ನಾವು ಬರೆದಿದ್ದ ಹೊಸ ಉತ್ತರಗಳನ್ನು ಒಂದೊಂದಾಗಿ ಓದಿ, ಎಲ್ಲಿ ವಿನಾಯಿತಿಯ ಕಲಂ ತಪ್ಪಾಗಿ ನಮೂದಾಗಿದೆ, ಎಲ್ಲಿ ಮೊದಲ ಮೇಲ್ಮನವಿ ಪ್ರಾಧಿಕಾರದ ವಿವರ ಬಿಟ್ಟುಹೋಗಿದೆ ಎಂದು ತೋರಿಸಿದರು. ಮತ್ತೆ ಬಂದು ನೋಡುತ್ತಾರೆ ಎಂಬುದು ಮೊದಲೇ ತಿಳಿದಿದ್ದರಿಂದ ನಾವೂ ಎಚ್ಚರದಿಂದ ಬರೆದಿದ್ದೆವು. ಹದಿನಾಲ್ಕು ಕಾರ್ಯಾಗಾರಗಳಲ್ಲಿ ಹೀಗೆ ಎರಡನೆಯ ಸಲ ಬಂದು ನೋಡಿದವು ಮೂರು ಮಾತ್ರ. ನನ್ನ ಕೆಲಸದ ರೀತಿಯನ್ನು ಬದಲಿಸಿದವು ಆ ಮೂರೇ ಎಂಬುದನ್ನು ಹಿಂದಿರುಗಿ ನೋಡಿದಾಗ ಗಮನಿಸಿದೆ.

ಆ ಮೂರರಲ್ಲಿ ಎರಡನೆಯದು ಕನ್ನಡ ಯೂನಿಕೋಡ್ ಕುರಿತದ್ದು, ಅಂದರೆ ಯಾವ ಗಣಕಯಂತ್ರದಲ್ಲಿ ತೆರೆದರೂ ಅಕ್ಷರಗಳು ಹಾಗೆಯೇ ಕಾಣುವ ಸಂಕೇತ ವ್ಯವಸ್ಥೆಯ ಕುರಿತದ್ದು. ಸಂಯೋಜಿತ ಕಾಲೇಜುಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿ ಮಿಂಚಂಚೆಯಲ್ಲಿ ಕಳುಹಿಸಿದ ಪತ್ರಗಳು ನಮ್ಮ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತಿದ್ದವು, ಆಮೇಲೆ ನಾವು ಫೋನ್ ಮಾಡಿ ವಿಷಯ ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಯೂನಿಕೋಡ್‌ಗೆ ಬದಲಾದರೆ ಟೈಪಿಂಗನ್ನೇ ಹೊಸದಾಗಿ ಕಲಿಯಬೇಕಾಗುತ್ತದೆ ಎಂಬ ಭಯ ಹಿರಿಯ ಸಹೋದ್ಯೋಗಿಗಳಲ್ಲಿ ಇತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಅಲ್ಲಿಯೂ ಮುಂದುವರಿಯುತ್ತದೆ, ಬೆರಳುಗಳು ಬಲ್ಲ ಜಾಗ ಬದಲಾಗುವುದಿಲ್ಲ ಎಂಬುದನ್ನು ಗಣಕ ಪ್ರಯೋಗಾಲಯದಲ್ಲಿ ತಲಾ ಒಂದು ಯಂತ್ರದ ಮುಂದೆ ಕೂರಿಸಿ ತೋರಿಸಿದಾಗ, ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿದ ದ್ವಿತೀಯ ದರ್ಜೆ ಸಹಾಯಕರೊಬ್ಬರು ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಸುತ್ತೋಲೆಯೊಂದನ್ನು ಟೈಪ್ ಮಾಡಿ ಮುಗಿಸಿದರು. ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಪ್ರವೇಶ ಮತ್ತು ಪರೀಕ್ಷೆಗಳ ಕೆಲಸ ರಾಜ್ಯದ ವಿಶ್ವವಿದ್ಯಾನಿಲಯಗಳಿಗೂ ಕಾಲೇಜುಗಳಿಗೂ ಏಕೀಕೃತವಾದ ಯುಯುಸಿಎಂಎಸ್ ತಂತ್ರಾಂಶಕ್ಕೆ ಹೋದಾಗ ನಮಗೆ ಸಿಕ್ಕ ತರಬೇತಿಯಲ್ಲಿ ಅರವತ್ತು ಜನರನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಇಂಗ್ಲಿಷ್ ಪುಟಗಳನ್ನು ಸರಿಸುತ್ತಾ ಹೋದರು. ಅಭ್ಯಾಸಕ್ಕೆ ಲಾಗಿನ್ ಇರಲಿಲ್ಲ. ಮರುದಿನ ಕೆಲಸಕ್ಕೆ ಕುಳಿತಾಗ ಯಾರಿಗೂ ಏನೂ ನೆನಪಿರಲಿಲ್ಲ, ಕೊನೆಗೆ ನಾವು ಒಬ್ಬರಿಂದೊಬ್ಬರು ಕೇಳಿ ಕಲಿತೆವು.

ನೆಮ್ಮದಿಗೆ ಸಂಬಂಧಿಸಿದ ಕಾರ್ಯಾಗಾರಗಳ ವಿಷಯದಲ್ಲಿ ನನ್ನ ಆರಂಭದ ಅನುಭವ ನೋವಿನದು. 2019ರಲ್ಲಿ ಒತ್ತಡ ನಿರ್ವಹಣೆ ಎಂಬ ಒಂದು ದಿನದ ಕಾರ್ಯಕ್ರಮವನ್ನು ಫಲಿತಾಂಶ ಪ್ರಕಟಣೆಯ ಹಿಂದಿನ ವಾರದಲ್ಲೇ ಇಟ್ಟಿದ್ದರು. ಬಂದ ಭಾಷಣಕಾರರು ಮನಸ್ಸು ಸರಿಯಾಗಿದ್ದರೆ ಕಚೇರಿಯೇ ಸ್ವರ್ಗವೆಂದು ಹೇಳಿ, ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಬದುಕಿನ ದೊಡ್ಡ ಚಿಂತೆಯನ್ನು ಹೇಳಬೇಕೆಂದರು. ಎದುರಿನ ಸಾಲಿನಲ್ಲಿ ನಮ್ಮ ಕಾರ್ಯನಿರ್ವಹಣಾ ವರದಿ ಬರೆಯುವ ಅಧಿಕಾರಿಗಳೇ ಕುಳಿತಿದ್ದರು. ಮಗನ ಕಾಯಿಲೆಯ ಬಗ್ಗೆ ಹೇಳಲು ಎದ್ದ ಸಹೋದ್ಯೋಗಿಯೊಬ್ಬರು ಮಾತು ಮುಗಿಸಲಾಗದೆ ಅತ್ತರು, ಮತ್ತು ಆ ಅಳುವಿನ ನಂತರ ಏನು ಮಾಡಬೇಕೆಂಬುದು ವೇದಿಕೆಯ ಮೇಲಿದ್ದವರಿಗೆ ತಿಳಿದಿರಲಿಲ್ಲ. ಸಂಜೆ ನಾಲ್ಕೂವರೆಗೆ ನಾವು ವಿಭಾಗಕ್ಕೆ ಮರಳಿದಾಗ ಆ ದಿನದ ಕೆಲಸವೆಲ್ಲ ಹಾಗೆಯೇ ಕಾದಿತ್ತು. ರಾತ್ರಿ ಒಂಬತ್ತರವರೆಗೆ ಕುಳಿತು ಮುಗಿಸಿದೆವು. ಇಂಥ ಕಾರ್ಯಕ್ರಮ ನಡೆಯದಿರುವುದೇ ಲೇಸು ಎಂದು ಅಂದು ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆದ್ದರಿಂದ 2022ರಲ್ಲಿ ಎಂಟು ವಾರಗಳ ಸರಣಿಯ ಸುತ್ತೋಲೆ ಬಂದಾಗ ಹೆಸರು ಕೊಡಲು ಹಿಂಜರಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ 1979ರಲ್ಲಿ ಆರಂಭಿಸಿದ ಎಂಟು ವಾರಗಳ ಸಾವಧಾನತೆಯ (ಮೈಂಡ್‌ಫುಲ್‌ನೆಸ್) ಅಭ್ಯಾಸಕ್ರಮವನ್ನು ಆಧರಿಸಿದ ಸರಣಿ ಅದು. ಮೂಲದಲ್ಲಿ ವಾರಕ್ಕೆ ಎರಡೂವರೆ ಗಂಟೆಯ ತರಗತಿ ಮತ್ತು ಮನೆಯಲ್ಲಿ ಪ್ರತಿದಿನದ ಅಭ್ಯಾಸ ಇರುತ್ತದೆ. ನಮ್ಮಲ್ಲಿ ಅದನ್ನು ಬುಧವಾರ ಸಂಜೆಯ ಒಂದು ಗಂಟೆಗೆ ಇಳಿಸಿದ್ದರು. ನಡೆಸಿಕೊಟ್ಟವರು ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ತರಬೇತಿ ಪಡೆದವರು. ಅಧಿಕಾರಿಗಳ ತಂಡವನ್ನು ಬೇರೆ ಮಾಡಿ, ಇಲ್ಲಿ ಯಾರೂ ತಮ್ಮ ಸ್ವಂತ ವಿಷಯ ಹೇಳಲೇಬೇಕೆಂದಿಲ್ಲ, ಹೇಳಿದ್ದು ಈ ಕೋಣೆಯಿಂದ ಹೊರಗೆ ಹೋಗಬಾರದು ಎಂಬ ಎರಡು ನಿಯಮಗಳನ್ನು ಅವರು ಮೊದಲ ದಿನವೇ ಹಾಕಿಕೊಂಡರು.

ಅವರು ಹೇಳಿದ ಒಂದು ಮಾತು ನನ್ನ ತಿಳುವಳಿಕೆಯನ್ನೇ ತಿರುಗಿಸಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಕೆಲಸದಿಂದ ಬರುವ ಬಳಲಿಕೆಯನ್ನು ರೋಗವೆಂದು ಪಟ್ಟಿ ಮಾಡಿಲ್ಲ. ಸರಿಯಾಗಿ ನಿರ್ವಹಿಸದೆ ಬಿಟ್ಟ ದೀರ್ಘಕಾಲದ ಉದ್ಯೋಗದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿದೆ. ಶಕ್ತಿಯೆಲ್ಲ ಸೋರಿಹೋದಂತೆ ಅನ್ನಿಸುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಮಾಡಿದ್ದು ಫಲಿಸುತ್ತಿಲ್ಲವೆಂಬ ಭಾವ ಬಲವಾಗುವುದು ಅದರ ಮೂರು ಮುಖಗಳು. ಕಿಟಕಿಯ ಆಚೆ ನಿಂತ ವಿದ್ಯಾರ್ಥಿಯ ಮೇಲೆ ನಾನು ರೇಗುತ್ತಿದ್ದುದನ್ನು ನನ್ನ ಸ್ವಭಾವದ ದೋಷವೆಂದೇ ತಿಳಿದು ಒಳಗೊಳಗೆ ಕೊರಗುತ್ತಿದ್ದೆ. ಎರಡನೆಯ ಮುಖದ ವಿವರಣೆ ಕೇಳಿದಾಗ ಅದು ನನ್ನ ವಿಷಯವೇ ಎಂದು ಗುರುತಿಸಿದೆ.

ಮೂರನೆಯ ವಾರ ಅವರು ಒಂದು ಹಾಳೆ ಕೊಟ್ಟು, ವಾರದ ಯಾವ ದಿನದ ಯಾವ ಗಂಟೆ ಅತಿ ಭಾರವಾಗಿರುತ್ತದೆಂದು ಗುರುತು ಹಾಕಲು ಹೇಳಿದರು. ನಮ್ಮ ವಿಭಾಗದ ಏಳು ಜನರೂ ಒಬ್ಬರನ್ನೊಬ್ಬರು ಕೇಳದೆಯೇ ಸೋಮವಾರ ಹನ್ನೊಂದರಿಂದ ಒಂದು ಗಂಟೆಯವರೆಗಿನ ಅವಧಿಗೆ ಗುರುತು ಹಾಕಿದ್ದೆವು. ಅಂಕಪಟ್ಟಿ ತಿದ್ದುಪಡಿಗೆ ದೂರದ ತಾಲ್ಲೂಕುಗಳಿಂದ ರಾತ್ರಿ ಬಸ್ಸಿನಲ್ಲಿ ಬಂದ ವಿದ್ಯಾರ್ಥಿಗಳು ಕಿಟಕಿಯ ಮುಂದೆ ಸೇರುವ ಹೊತ್ತು ಅದು. ಒಬ್ಬರೇ ಕಿಟಕಿಯನ್ನೂ ಫೋನನ್ನೂ ನೋಡುತ್ತಿದ್ದರು. ಆ ಹಾಳೆಯನ್ನು ಹಿಡಿದು ನಾವು ಮೌಲ್ಯಮಾಪನ ಕುಲಸಚಿವರಿಗೆ ಟಿಪ್ಪಣಿ ಮಂಡಿಸಿದೆವು: ಸೋಮವಾರ ಇಬ್ಬರು ಸರದಿಯಲ್ಲಿ ಕೂರುವುದು, ಟೋಕನ್ ಕೊಡುವುದು, ಫೋನನ್ನು ಬೇರೆ ಮೇಜಿಗೆ ವರ್ಗಾಯಿಸುವುದು. ಅನುಮೋದನೆ ಸಿಕ್ಕಿತು. ಎಂಟು ವಾರಗಳ ಉಸಿರಾಟದ ಅಭ್ಯಾಸ ನನಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ನೆಮ್ಮದಿಯನ್ನು ಆ ಒಂದು ಟಿಪ್ಪಣಿ ಕೊಟ್ಟಿತು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಸರಣಿ ಮುಗಿದ ಮೂರು ತಿಂಗಳಿಗೆ ಅವರು ಮತ್ತೆ ಬಂದು, ಸೋಮವಾರ ಹೇಗಿದೆ ಎಂದೇ ಮೊದಲು ಕೇಳಿದರು. ಮತ್ತೆ ಬಂದು ನೋಡಿದ ಮೂರನೆಯ ಕಾರ್ಯಾಗಾರ ಇದು.

ಅಭ್ಯಾಸದ ವಿಷಯಕ್ಕೆ ಬಂದರೆ, ಮಲಗಿಕೊಂಡು ದೇಹದ ಒಂದೊಂದು ಭಾಗವನ್ನು ಗಮನಿಸುವ ದೀರ್ಘ ಅಭ್ಯಾಸವನ್ನು ನಾನು ನಾಲ್ಕು ತಿಂಗಳು ಮಾತ್ರ ಮುಂದುವರಿಸಿದೆ. ಬೆಳಿಗ್ಗೆ ಕಿಟಕಿ ತೆರೆಯುವ ಮುನ್ನ ಮೂರು ನಿಮಿಷ ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದು ಉಳಿದಿದೆ, ವಿಭಾಗದ ಇನ್ನಿಬ್ಬರಲ್ಲೂ ಉಳಿದಿದೆ. ಇದು ಚಿಕಿತ್ಸೆಗೆ ಬದಲಿಯಲ್ಲ ಎಂಬುದನ್ನೂ ಸೇರಿಸಬೇಕು. ತಿಂಗಳುಗಳಿಂದ ನಿದ್ದೆಯಿಲ್ಲದೆ ಇದ್ದ ಸಹೋದ್ಯೋಗಿಯೊಬ್ಬರನ್ನು ಅವರು ಪ್ರತ್ಯೇಕವಾಗಿ ಕರೆದು ಮಾತನಾಡಿ ವೈದ್ಯರ ಬಳಿಗೆ ಕಳುಹಿಸಿದರು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಆರಂಭವಾದ ನಂತರ ನಡೆದ ಕಾರ್ಯಾಗಾರಗಳಲ್ಲಿ 14416 ಸಂಖ್ಯೆಯನ್ನು ಫಲಕದ ಮೇಲೆ ಬರೆಯುತ್ತಾರೆ. ಕನ್ನಡದಲ್ಲೇ ಮಾತನಾಡಬಹುದಾದ ಉಚಿತ ಸೇವೆ ಅದು. ನಮ್ಮ ವಿಭಾಗದ ಸೂಚನಾ ಫಲಕಕ್ಕೂ ಅದನ್ನು ಅಂಟಿಸಿದ್ದೇವೆ.

ಕೊರತೆಗಳಲ್ಲಿ ನನಗೆ ಅತ್ಯಂತ ಗಂಭೀರವೆನಿಸುವುದು ಬೋಧಕ ಮತ್ತು ಬೋಧಕೇತರ ಎಂಬ ಅಂತರ. ಅಧ್ಯಾಪಕರ ತರಬೇತಿಗೆ 1987ರಿಂದಲೂ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ವ್ಯವಸ್ಥೆಯಿದೆ, ಅದೇ ಈಗ ಮಾಳವೀಯ ಮಿಷನ್ ಕೇಂದ್ರಗಳ ರೂಪದಲ್ಲಿ ಮುಂದುವರಿದಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಅವರ ಪದೋನ್ನತಿಗೆ ಓರಿಯೆಂಟೇಶನ್ ಮತ್ತು ರಿಫ್ರೆಶರ್ ಕೋರ್ಸ್‌ಗಳು ಲೆಕ್ಕಕ್ಕೆ ಬರುತ್ತವೆ. ಅದು ಸರಿಯಾಗಿಯೇ ಇದೆ. ಆದರೆ ನಮ್ಮ ಹದಿನಾಲ್ಕು ಪ್ರಮಾಣಪತ್ರಗಳು ಮುಂಬಡ್ತಿಯಲ್ಲಿ ಎಲ್ಲಿಯೂ ಪರಿಗಣನೆಗೆ ಬಂದಿಲ್ಲ, ಹೀಗಾಗಿ ಸಿಬ್ಬಂದಿಯನ್ನು ಕಳುಹಿಸುವುದೆಂದರೆ ಒಂದು ದಿನದ ಕೆಲಸ ಹಾಳು ಎಂದೇ ಹಲವು ವಿಭಾಗಗಳ ಮುಖ್ಯಸ್ಥರು ಭಾವಿಸುತ್ತಾರೆ. ನಮ್ಮ ಕೆಲಸವೇನೂ ಹಗುರವಾಗಿಲ್ಲ. ರಾಜ್ಯವು 2021ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ತಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದಾಗ, ಹಳೆಯ ಪಠ್ಯಕ್ರಮದ ಪುನರಾವರ್ತಿತ ವಿದ್ಯಾರ್ಥಿಗಳು, ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ತಂಡಗಳು, ಹೊಸ ತಂಡ ಹೀಗೆ ಮೂರು ಬಗೆಯ ಅಂಕಪಟ್ಟಿಗಳನ್ನು ಒಂದೇ ಕೋಣೆಯಲ್ಲಿ ಸಿದ್ಧಪಡಿಸಿದವರು ನಾವು. ಆ ವರ್ಷ ನಮಗೆ ಬೇಕಿದ್ದ ಕಾರ್ಯಾಗಾರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಹೊಸದಾಗಿ ಸೇರುವ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟು: ಸುತ್ತೋಲೆಯಲ್ಲಿ ವಿಷಯವನ್ನು ನೋಡುವ ಮುನ್ನ ಎಷ್ಟು ಜನ, ಎಷ್ಟು ಬೈಠಕ್, ಮರುಭೇಟಿ ಇದೆಯೇ ಎಂಬುದನ್ನು ನೋಡಿ. ಮೂವತ್ತಕ್ಕಿಂತ ಹೆಚ್ಚು ಜನರನ್ನು ಕರೆದಿರುವ ಒಂದೇ ದಿನದ ಕಾರ್ಯಕ್ರಮವಾದರೆ ಅದರಿಂದ ಮಾಹಿತಿ ಸಿಗಬಹುದು, ಅಭ್ಯಾಸ ಸಿಗುವುದಿಲ್ಲ. ತರಬೇತಿ ಕೋಶಕ್ಕೆ ನನ್ನ ಮನವಿ ಪರೀಕ್ಷೆ ಮತ್ತು ಫಲಿತಾಂಶದ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು ದಿನಾಂಕ ಗೊತ್ತುಮಾಡಿ ಎಂಬುದು. ಇದನ್ನು ಅವರು ಕಳೆದ ವರ್ಷದಿಂದ ಪಾಲಿಸುತ್ತಿದ್ದಾರೆ.

ಪಾಲಿಸದೆ ಉಳಿದಿರುವುದು ಇನ್ನೊಂದು ಮನವಿ. ಅಂಕಗಳನ್ನು ಗಣಕಕ್ಕೆ ತುಂಬುವವರು ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳು, ಉತ್ತರಪತ್ರಿಕೆಗಳ ಕಟ್ಟುಗಳನ್ನು ಹೊತ್ತು ತರುವವರು ‘ಡಿ’ ವರ್ಗದ ನೌಕರರು. ಈ ಎಂಟು ವರ್ಷಗಳಲ್ಲಿ ಅವರಲ್ಲಿ ಒಬ್ಬರೂ ಕಾರ್ಯಾಗಾರದ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಚಹಾ ತಂದುಕೊಡುವುದಕ್ಕಷ್ಟೇ ಒಳಗೆ ಬಂದಿದ್ದಾರೆ. ಬೆನ್ನುನೋವಿನ ಕುರಿತ ಒಂದು ಬೈಠಕ್ಕಿನಲ್ಲಿ ಬಾಗಿಲ ಬಳಿ ನಿಂತು ಕೇಳುತ್ತಿದ್ದ ನಮ್ಮ ಅಟೆಂಡರ್ ಆಮೇಲೆ ಬಂದು, “ಮೇಡಂ, ಇದಕ್ಕೆ ನಮ್ಮನ್ನೂ ಕೂರಿಸ್ತಾರಾ?” ಎಂದು ಕೇಳಿದರು. ದಿನವಿಡೀ ಕಟ್ಟು ಹೊರುವವರು ಅವರೇ. ಮುಂದಿನ ಸರಣಿಗೆ ನಮ್ಮ ವಿಭಾಗದಿಂದ ಕಳುಹಿಸಿದ ನಾಲ್ಕು ಹೆಸರುಗಳಲ್ಲಿ ಅವರದನ್ನೂ ಒಬ್ಬ ಆಪರೇಟರ್‌ರದನ್ನೂ ಸೇರಿಸಿದ್ದೇನೆ. ಅನುಮತಿಯ ಪತ್ರ ಇನ್ನೂ ಬಂದಿಲ್ಲ.