ಟೆಸ್ಲಾ ಮಾಡೆಲ್ 3: ಜರ್ಮನಿಯ ತಪಾಸಣೆಯಲ್ಲಿ ಕಂಡುಬಂದದ್ದು

ಜರ್ಮನಿಯಲ್ಲಿ ಹೊಸ ಕಾರು ಮೂರು ವರ್ಷ ತುಂಬಿದಾಗ ಮೊದಲ ಬಾರಿಗೆ, ಅನಂತರ ಎರಡು ವರ್ಷಕ್ಕೊಮ್ಮೆ ಕಡ್ಡಾಯ ಸುರಕ್ಷತಾ ತಪಾಸಣೆಗೆ ಒಳಗಾಗಬೇಕು. ಈ ಫಲಿತಾಂಶಗಳನ್ನು ಒಟ್ಟುಗೂಡಿಸುವ ಟ್ಯೂಫ್ (ಜರ್ಮನಿಯ ವಾಹನ ತಪಾಸಣಾ ಸಂಸ್ಥೆಗಳು) ವರದಿಯ 2024ರ ಆವೃತ್ತಿಯಲ್ಲಿ, ಎರಡು-ಮೂರು ವರ್ಷ ಹಳೆಯ ಕಾರುಗಳ ಪೈಕಿ ವಿದ್ಯುತ್ ಕಾರಾದ ಟೆಸ್ಲಾ ಮಾಡೆಲ್ 3 ಕೊನೆಯ ಸ್ಥಾನದಲ್ಲಿತ್ತು, ಶೇ. 14.7ರಷ್ಟು ಕಾರುಗಳಲ್ಲಿ ಗಂಭೀರ ದೋಷಗಳು ಕಂಡುಬಂದಿದ್ದವು. ಇಷ್ಟು ಬೆಲೆಯ ಕಾರಿಗೆ ಇದು ಒಪ್ಪತಕ್ಕ ಫಲಿತಾಂಶವಲ್ಲ.

ದೋಷಗಳು ಮೋಟಾರು ಅಥವಾ ಬ್ಯಾಟರಿಯದ್ದಲ್ಲ, ಬ್ರೇಕ್, ದೀಪ ಮತ್ತು ಸಸ್ಪೆನ್ಷನ್‌ಗೆ ಸೇರಿದವು. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದರಿಂದ ಬ್ರೇಕ್ ಡಿಸ್ಕ್‌ಗಳು ಸಾಕಷ್ಟು ಉಜ್ಜಲ್ಪಡದೆ, ಮಳೆ ಮತ್ತು ಚಳಿಗಾಲದ ರಸ್ತೆಯ ಉಪ್ಪಿಗೆ ತುಕ್ಕು ಹಿಡಿಯುತ್ತವೆ. ಬ್ಯಾಟರಿಯ ಭಾರ ಸಸ್ಪೆನ್ಷನ್ ಕೀಲುಗಳನ್ನು ಸವೆಸುತ್ತದೆ. ಇತರ ಅನೇಕ ಕಂಪನಿಗಳಿಗಿಂತ ಭಿನ್ನವಾಗಿ ಟೆಸ್ಲಾ ನಿಗದಿತ ವಾರ್ಷಿಕ ಸರ್ವಿಸ್ ಕಡ್ಡಾಯಗೊಳಿಸದ ಕಾರಣ, ಇವು ತಪಾಸಣೆಗೆ ಮುನ್ನ ಯಾರ ಕಣ್ಣಿಗೂ ಬೀಳದಿರಬಹುದು.

ಹಳೆಯ ಪೋರ್ಷೆ 911 ಸ್ಪೋರ್ಟ್ಸ್ ಕಾರುಗಳು ಇದೇ ವರದಿಗಳಲ್ಲಿ ಕಡಿಮೆ ದೋಷಗಳೊಂದಿಗೆ ಪದೇಪದೇ ಮುಂಚೂಣಿಯಲ್ಲಿರುತ್ತವೆ, ಆದರೆ ಅವು ಓಡುವ ದೂರ ಕಡಿಮೆ, ಆರೈಕೆ ಹೆಚ್ಚು ಎಂಬುದನ್ನು ಮರೆಯಬಾರದು. ಬಳಸಿದ ಮಾಡೆಲ್ 3 ಕೊಳ್ಳುವವರು ಡಿಸ್ಕ್‌ನ ಎರಡೂ ಮುಖಗಳನ್ನು ಮತ್ತು ಮುಂಭಾಗದ ಸಸ್ಪೆನ್ಷನ್ ಕೀಲುಗಳನ್ನು ಕಾರು ಎತ್ತಿಸಿ ಪರೀಕ್ಷಿಸಲೇಬೇಕು.